ಅಕ್ಕ ಬೆಲ್ಲ ಬಿಟ್ಟ ವರ್ಷ

ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸದಲಗಾದ ನನ್ನ ಅಕ್ಕನ ಮನೆಯಲ್ಲಿ ಇಪ್ಪತ್ತು ವರ್ಷ ನನ್ನನ್ನು ಡಾಕ್ಟರಬಾಯಿ ಎಂದೇ ಕರೆದರು, ನಾನೂ ಅಷ್ಟೇನೂ ತಕರಾರು ಮಾಡಲಿಲ್ಲ. ಆ ಹೆಸರಿಟ್ಟವರು ಅಕ್ಕನ ಗಂಡ, ನನ್ನ ಮಾಮಾ. "ನಾ ಬರೇ ಗಾಜಿನ ಮ್ಯಾಲ ತುಣುಕ ಇಡಾಕಿ ರೀ ಮಾಮಾ" ಎಂದರೆ, "ಇಡಾಕೂ ಬುದ್ಧಿ ಬೇಕಲ್ಲ" ಎಂದು ನಗುತ್ತಿದ್ದರು. ನನಗೂ ಒಳಗೊಳಗೇ ಖುಷಿಯಾಗುತ್ತಿತ್ತು.

ನಾನಿರುವುದು ಕಾಗವಾಡದಲ್ಲಿ, ಕೆಲಸ ಗಡಿಯಾಚೆ ಮಿರಜಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ನಿದ್ದೆ ಹತ್ತುವ ಮೊದಲೇ ಕನ್ನಡದ ಬೋರ್ಡು ಮುಗಿದು ಮರಾಠಿ ಬೋರ್ಡು ಶುರುವಾಗಿರುತ್ತದೆ. ರೋಗಿಗಳ ಮೈಯಿಂದ ತೆಗೆದ ಚೂರುಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಹುದುಗಿಸಿ, ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹಾಸಿ, ಬಣ್ಣ ಕಟ್ಟಿ ಡಾಕ್ಟರರ ಮುಂದೆ ಇಡುವುದು ನನ್ನ ಕೆಲಸ. ನೋಡಿ ಹೇಳುವುದು ಅವರ ಕೆಲಸ. ಆದರೆ ಅಷ್ಟು ವರ್ಷ ಇಟ್ಟವಳಿಗೆ ನೋಡಲೂ ಬರುತ್ತದೆ, ಬರುತ್ತದೆ ಎಂಬ ಸೊಕ್ಕೂ ಬರುತ್ತದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಮ್ಮ ತವರು ಐನಾಪುರ. ಅವ್ವ ತೀರಿಕೊಂಡಾಗ ನಾನಿನ್ನೂ ಎರಡನೇ ಇಯತ್ತೆ. ಎರಡು ವರ್ಷದ ಮೇಲೆ ಅಕ್ಕನ ಮದುವೆಯಾಯಿತು. ಗಂಡನ ಮನೆಗೆ ಹೋಗುವಾಗ ಅವಳು ಸೀರೆ, ಪಾತ್ರೆಗಳ ಜೊತೆ ನನ್ನನ್ನೂ ಕರೆದುಕೊಂಡೇ ಗಾಡಿ ಹತ್ತಿದಳು. ಅತ್ತೆ ಮನೆಯವರು ಏನಂದುಕೊಂಡರೋ, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಹನ್ನೆರಡನೇ ಇಯತ್ತೆ ಮುಗಿದಾಗ ನನಗೆ ಗಂಡು ನೋಡುವ ಮಾತು ಬಂತು. ಅಕ್ಕ ಎರಡು ದಿನ ಯಾರ ಜೊತೆಗೂ ಮಾತಾಡದೆ ಮುಖ ಊದಿಸಿಕೊಂಡು ಕೂತು ನನ್ನನ್ನು ಲ್ಯಾಬ್ ಕೋರ್ಸಿಗೆ ಸೇರಿಸಿದಳು. ತಾನು ಏಳನೇ ಇಯತ್ತೆ ದಾಟದವಳು. ಅದಕ್ಕೇ ಇರಬೇಕು, ಪುಸ್ತಕ ಓದಿ ನಾನು ಏನು ಹೇಳಿದರೂ ಅವಳಿಗೆ ಅದು ಕಲ್ಲಿನ ಮೇಲೆ ಬರೆದ ಹಾಗೆ.

ಆ ಮನೆಯವರದು ದೂಧಗಂಗೆಯ ದಂಡೆಯ ಕಬ್ಬಿನ ಹೊಲ. ಸುತ್ತಮುತ್ತ ಎಲ್ಲರೂ ಕಬ್ಬನ್ನು ಫ್ಯಾಕ್ಟರಿಗೆ ಕಳಿಸಿದರೂ ಮಾಮಾ ಒಂದಿಷ್ಟನ್ನು ಉಳಿಸಿಕೊಂಡು ಗಾಣದಲ್ಲಿ ಬೆಲ್ಲ ಮಾಡಿಸುತ್ತಿದ್ದರು. ಅಕ್ಕನಿಗೆ ಬೆಲ್ಲವೆಂದರೆ ಪ್ರಾಣ. ರೊಟ್ಟಿಗೆ ಬೆಲ್ಲ, ಶೇಂಗಾಕ್ಕೆ ಬೆಲ್ಲ, ಊಟವಾದ ಮೇಲೆ ಬರೀ ಬೆಲ್ಲ. ಬಿಸಿಲಿನಿಂದ ಬಂದವರು ಯಾರೇ ಇರಲಿ, ನೀರಿನ ತಂಬಿಗೆಯ ಜೊತೆ ಒಂದು ಚೂರು ಬೆಲ್ಲ ಕೈಗೆ ಬಂದೇ ಬರುತ್ತಿತ್ತು. ಪ್ರತಿ ವರ್ಷ ಮೊದಲ ಕೊಪ್ಪರಿಗೆ ಇಳಿಸಿದ ಬೆಲ್ಲದಲ್ಲಿ ಒಂದು ಉಂಡೆ ಬಿಳಿ ಬಟ್ಟೆಯಲ್ಲಿ ಕಟ್ಟಿ ನಮ್ಮ ಲ್ಯಾಬಿಗೆ ಬರುತ್ತಿತ್ತು. ಸೂಕ್ಷ್ಮದರ್ಶಕದ ಪಕ್ಕದಲ್ಲಿ ತಿನ್ನಬಾರದೆಂದು ನಾನು ಎಲ್ಲರನ್ನೂ ಬೈದು ಹೊರಗೆ ಅಟ್ಟಿ ಹಂಚುತ್ತಿದ್ದೆ. ನಿಯಮವೆಂದರೆ ನಿಯಮ ಅನ್ನುವ ಹೆಂಗಸು ನಾನು.

ಅಕ್ಕನ ಹೊಟ್ಟೆ ಕೆಟ್ಟು ಒಂಬತ್ತು ವರ್ಷವಾಗಿತ್ತು. ಮೊದಲು ರಕ್ತ ಕಂಡಾಗ ಮೂಲವ್ಯಾಧಿ ಎಂದುಕೊಂಡು ಯಾರೋ ಕೊಟ್ಟ ಬೇರು ಅರೆದು ಕುಡಿದಳು. ನನಗೆ ಗೊತ್ತಾಗಿ, ಜಗಳವಾಡಿ ಮಿರಜಿಗೆ ಎಳೆದುಕೊಂಡು ಹೋದಾಗ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಎಂದರು. ಗುಳಿಗೆ ಶುರುವಾಯಿತು. ಸ್ವಲ್ಪ ಸುಧಾರಿಸಿದರೆ ಗುಳಿಗೆ ಬಿಡುವುದು, ಮತ್ತೆ ರಕ್ತ ಕಂಡರೆ ನನಗೆ ಫೋನ್ ಮಾಡುವುದು, ನಾನು ಬೈಯುವುದು, ಇದೇ ನಡೆಯಿತು. ಕೊನೆಯ ಸಲ ಕೊಳವೆ ಹಾಕಿ ನೋಡಿ ನಾಲ್ಕು ಕಡೆಯಿಂದ ಚೂರು ತೆಗೆದರು. ಆ ಚೂರುಗಳು ನನ್ನ ಮೇಜಿಗೇ ಬಂದವು.

ಎಲ್ಲರ ಚೂರುಗಳಂತೆಯೇ ಅವನ್ನೂ ಕತ್ತರಿಸಿದೆ. ಸ್ಲೈಡ್ ಚಲೋ ಬಂದಿದೆ ಎಂದು ಖುಷಿಪಟ್ಟಿದ್ದೂ ನೆನಪಿದೆ, ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಮೂರು ಚೂರುಗಳಲ್ಲಿ ಬರೀ ಉರಿಯೂತ. ನಾಲ್ಕನೆಯದರಲ್ಲಿ ಜೀವಕೋಶಗಳ ಸಾಲು ಕೆಟ್ಟಿತ್ತು. ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಅದರ ಹೊಸ್ತಿಲು. ಡಾಕ್ಟರು ನೋಡಿ ಅದನ್ನೇ ಬರೆದರು.

ಆ ಹೊತ್ತಿಗೆ ನಮ್ಮಲ್ಲಿ ಎಂ.ಡಿ. ಓದುತ್ತಿದ್ದ ಒಬ್ಬ ಡಾಕ್ಟರು ಇಂಥದೇ ಕರುಳಿನ ಚೂರುಗಳ ಮೇಲೆ ಅಧ್ಯಯನ ಮಾಡುತ್ತಿದ್ದರು. ಜೀವಕೋಶದ ಅಂಚಿನಲ್ಲಿ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವ ಪ್ರೋಟೀನುಗಳಿರುತ್ತವೆ. ಸಕ್ಕರೆಗೆಂದೇ ಇಟ್ಟ ಬಾಗಿಲು ಅನ್ನಿ. ಕೆಡಲು ಶುರುವಾದ ಜೀವಕೋಶಕ್ಕೆ ಹಸಿವು ಹೆಚ್ಚು, ಅದು ಇಂಥ ಬಾಗಿಲುಗಳನ್ನು ಹೆಚ್ಚೆಚ್ಚು ಇಟ್ಟುಕೊಳ್ಳುತ್ತದೆ. ಆ ಪ್ರೋಟೀನಿಗೆ ಮಾತ್ರ ಹತ್ತುವ ಬಣ್ಣ ಕಟ್ಟಿದರೆ ಅದು ಕಂದಾಗಿ ಕಾಣುತ್ತದೆ, ನಮ್ಮ ಸದಲಗಾದ ಹಳೆಯ ಬೆಲ್ಲದ ಬಣ್ಣ. ಚಲೋ ಇದ್ದ ಕರುಳಿನಲ್ಲಿ ಆ ಬಣ್ಣ ಹೆಚ್ಚುಕಡಿಮೆ ಇರುವುದೇ ಇಲ್ಲ. ಉರಿಯೂತವಿದ್ದ ಕಡೆ ಒಂದರಲ್ಲಿ ಕಂಡರೆ ಇನ್ನೊಂದರಲ್ಲಿ ಇಲ್ಲ. ಕೆಡಲು ಹತ್ತಿದ ಕಡೆ ಗಾಢವಾಗಿ ಕಾಣುತ್ತಿತ್ತು. ಬಣ್ಣ ಸರಿಯಾಗಿ ಹಿಡಿದಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಮೊದಲು ನೋಡುತ್ತಿದ್ದುದು ಕೆಂಪು ರಕ್ತಕಣಗಳನ್ನು. ಅವುಗಳಿಗೆ ಈ ಬಾಗಿಲು ಹುಟ್ಟಿನಿಂದಲೇ ಇರುತ್ತದೆ, ಅವು ಬದುಕುವುದೇ ಸಕ್ಕರೆಯಿಂದ. ಈ ಮಾತು ನೆನಪಿರಲಿ, ನನಗೆ ಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ.

ಆಪರೇಶನ್ ಮಾಡಿ ದೊಡ್ಡ ಕರುಳು ತೆಗೆಯಬೇಕು ಎಂದರು ಸರ್ಜನ್. ಆದರೆ ಅಕ್ಕನ ಮೈಯಲ್ಲಿ ರಕ್ತವೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಆರು ವಾರ ಚೆನ್ನಾಗಿ ಉಣ್ಣಲಿ, ನಾಲ್ಕು ಕಿಲೋ ತೂಕ ಬರಲಿ, ಹೊಲಿಗೆ ಕೂಡಲು ಶಕ್ತಿ ಬೇಕು ಎಂದರು. ಉರಿಯೂತ ಕಡಿಮೆಯಾಗಲು ಬೇರೆ ಗುಳಿಗೆ ಕೊಟ್ಟರು. ಅಷ್ಟಾದರೆ ಅಕ್ಕ ಇನ್ನೂ ಇಪ್ಪತ್ತು ವರ್ಷ ಬದುಕಬಹುದು ಎಂದರು. ಎಲ್ಲವೂ ಆ ನಾಲ್ಕು ಕಿಲೋದ ಮೇಲೆ ನಿಂತಿತ್ತು.

ಮುಂದಿನ ಸಂತೆಯ ದಿನ ಅಕ್ಕ ಚಿಕ್ಕೋಡಿಗೆ ಬಂದಿದ್ದಳು. ನಾನು ಮಿರಜಿನಿಂದ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ತಂದು ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈಗಿಟ್ಟೆ. ದಿನಕ್ಕೆ ಮೂರು ಸಲ ಹಾಲಿನಲ್ಲಿ ಕಲಸಿ ಕುಡಿ ಎಂದೆ. ಅಕ್ಕ ಡಬ್ಬಿಯನ್ನು ತಿರುಗಿಸಿ ನೋಡಿದಳು.

"ಸಿಹಿ ಇರತೈತೇನು ಇದು?"

"ಹೂಂ, ಚಾಕಲೇಟ ಇದ್ದಂಗ ಇರತೈತಿ. ನಿನಗ ಸೇರತೈತಿ."

"ನನ್ನ ಹೊಟ್ಟ್ಯಾಗಿನ ಅದಕ್ಕೂ ಸಿಹಿ ಸೇರತೈತಿ ಅಂತ ಅವತ್ತ ದವಾಖಾನ್ಯಾಗ ಆ ಡಾಕ್ಟರ ಕೂಡ ಮಾತಾಡಾಕತ್ತಿದ್ದಿ?"

ಅವಳು ಅದನ್ನು ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ, ಅಲ್ಲೇ ಹಾಸುಗಲ್ಲಿನ ಮೇಲೆ ಕೂತು ಪಾಠ ಶುರು ಮಾಡಿದೆ. ಬಾಗಿಲು, ಹಸಿವು, ಕಂದು ಬಣ್ಣ, ಎಲ್ಲವನ್ನೂ ಹೇಳಿದೆ. ಚಂದ ಹೇಳಿದೆ. ಅಷ್ಟು ಚಂದ ನಾನು ಯಾರಿಗೂ ಏನನ್ನೂ ವಿವರಿಸಿರಲಿಲ್ಲ. ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು.

"ಹಂಗಾರ, ಸಕ್ಕರಿ ಕೊಡಲಿಲ್ಲಂದ್ರ?"

ಅಷ್ಟರಲ್ಲಿ ಮಿರಜಿನ ಬಸ್ಸು ಒಳಗೆ ಬಂತು. ಜನ ಮುಗಿಬಿದ್ದರು. ನಾನು ಎದ್ದು ಓಡುತ್ತ, ಕಿಟಕಿಯೊಳಗೆ ಕೈ ತೂರಿಸಿ ಸೀಟಿಗೆ ಕರವಸ್ತ್ರ ಹಾಕುತ್ತ, ಹೆಗಲ ಮೇಲಿಂದ ಕೂಗಿದೆ. "ಕೊಡಲಿಲ್ಲಂದ್ರ ಉಪವಾಸ ಸಾಯ್ತಾವ!"

ಸೀಟು ಸಿಕ್ಕಿತು. ಕಿಟಕಿಯಿಂದ ಕೈ ಬೀಸಿದೆ. ಅಕ್ಕ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಏನೋ ಲೆಕ್ಕ ಹಾಕುವವರ ಮುಖವಿತ್ತು.

ಒಂದು ವಾರದ ಮೇಲೆ ಫೋನ್ ಮಾಡಿ ಇನ್ನೊಂದು ಮಾತು ಕೇಳಿದಳು. "ತಂಗಿ, ರೊಟ್ಟಿನೂ ಒಳಗ ಹೋಗಿ ಸಕ್ಕರಿ ಆಗತೈತೇನು?" ನಾನು ಊಟದ ಡಬ್ಬಿ ತೆರೆದು ಕೂತಿದ್ದೆ. ಅಕ್ಕನಿಗೆ ಕಲಿಯುವ ಆಸೆ ಹುಟ್ಟಿದೆ ಎಂದುಕೊಂಡೆ. "ಆಗತೈತಿ ಮತ್ತ! ಅನ್ನ, ರೊಟ್ಟಿ, ಬಾಳೆಹಣ್ಣ, ಎಲ್ಲಾ ಕಡೀಕ ಸಕ್ಕರೀನ," ಎಂದೆ. "ಹೌದಾ," ಎಂದಳು. ನನ್ನ ಊಟ ಆಯಿತೇ ಎಂದು ಕೇಳಿ ಫೋನ್ ಇಟ್ಟಳು.

ಆಮೇಲೆ ಒಂದು ಭಾನುವಾರ ಸದಲಗಾಕ್ಕೆ ಹೋದೆ. ಊಟದ ಕೊನೆಗೆ ಎಲ್ಲರ ತಾಟಿಗೂ ಬೆಲ್ಲ ಬಂತು, ಅಕ್ಕನ ತಾಟಿಗೆ ಬರಲಿಲ್ಲ. ಅವಳ ತಾಟಿನಲ್ಲಿ ಇದ್ದದ್ದು ಒಂದಿಷ್ಟು ಸೊಪ್ಪಿನ ಪಲ್ಯ, ಒಂದು ಬಟ್ಟಲು ಮಜ್ಜಿಗೆ. "ರೊಟ್ಟಿ ಯಾಕ ಇಲ್ಲ?" ಎಂದೆ.

ಮಾಮಾ ನನಗೆ ಕಣ್ಣಿನಲ್ಲೇ ಸುಮ್ಮನಿರು ಎಂದರು. ಕೈ ತೊಳೆಯುವಾಗ ಮೆಲ್ಲಗೆ ಹೇಳಿದರು. "ಹರಕಿ ಹೊತ್ತಾಳ. ಬೆಲ್ಲ ಬಿಟ್ಟಾಳ, ಧಾನ್ಯ ಬಿಟ್ಟಾಳ. ಆಪರೇಶನ್ ಆಗೂತನ."

ನಮ್ಮ ಕಡೆ ಹರಕೆ ಹೊತ್ತವರನ್ನು ಯಾವ ದೇವರಿಗೆ, ಯಾಕೆಂದು ಯಾರೂ ಕೇಳುವುದಿಲ್ಲ. ಬಾಯಿಬಿಟ್ಟು ಹೇಳಿದರೆ ಹರಕೆ ಫಲಿಸುವುದಿಲ್ಲ, ಮುರಿಸಿದವರಿಗೆ ದೋಷ. ಮಾಮಾ ಹೆಂಡತಿಗಾಗಿ ಹೊಳೆಗೆ ಹಾರೆಂದರೂ ಹಾರುವ ಮನುಷ್ಯ, ಆದರೆ ಇದೊಂದನ್ನು ಕೇಳುವಂತಿರಲಿಲ್ಲ. ನಾನು ಬಿಡದೆ ಕೇಳಬಹುದಿತ್ತು. ದಿನಾ ಮನುಷ್ಯರ ಕರುಳು ಕತ್ತರಿಸುವವಳಿಗೆ ದೇವರ ದೋಷದ ಭಯವೇನು? ಒಮ್ಮೆ ಅಡುಗೆ ಮನೆಯಲ್ಲಿ ಹಿಡಿದು ನಿಲ್ಲಿಸಿ, "ಏನ್ ಹರಕಿ ಅಕ್ಕಾ? ನೀ ಉಣ್ಣಬೇಕಾಗೈತಿ," ಎಂದೆ. "ಪುಡಿ ಕುಡ್ಯಾಕತ್ತೀನಲ್ಲ. ಹರಕಿ ಕೇಳಬಾರದು ಬೇ," ಎಂದು ನನ್ನ ಗಲ್ಲ ಹಿಂಡಿದಳು. ಪುಡಿ ಕುಡಿಯುತ್ತಿದ್ದಾಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳು ಸೊರಗಿದ್ದು ಕಾಣಲಿಲ್ಲವೆಂದಲ್ಲ. ಒಂಬತ್ತು ವರ್ಷದಿಂದ ಸೊರಗುವವಳನ್ನೇ ನೋಡಿದ್ದೆ, ಅದು ರೋಗದ್ದೇ ಅಂದುಕೊಂಡೆ.

ಐದನೇ ವಾರದಲ್ಲಿ ಜ್ವರ ಬಂತು, ಹೊಟ್ಟೆ ಕಲ್ಲಿನಂತಾಯಿತು. ಮಾಮಾ ಜೀಪು ಮಾಡಿಕೊಂಡು ಬೆಳಗಿನ ಹೊತ್ತು ಮಿರಜಿಗೆ ಕರೆತಂದರು. ತೂಕ ನೋಡಿದರೆ ನಾಲ್ಕು ಕಿಲೋ ಏರುವುದಿರಲಿ, ಆರು ಕಿಲೋ ಇಳಿದಿತ್ತು. ಕರುಳು ಒಂದು ಕಡೆ ತೂತಾಗಿದೆ, ಇನ್ನು ಕಾಯಲು ಬರುವುದಿಲ್ಲ, ಈಗಲೇ ಆಪರೇಶನ್ ಎಂದರು ಸರ್ಜನ್. ಇಂಥ ಮೈಯನ್ನು ಕೊಯ್ಯಲು ತಮಗೂ ಧೈರ್ಯವಿಲ್ಲ ಎಂದು ನನ್ನೊಬ್ಬಳಿಗೇ ಹೇಳಿದರು. ಇಷ್ಟು ದಿನ ಈಕೆ ಉಂಡಿದ್ದಾದರೂ ಏನು ಎಂದು ಕೇಳಿದರು.

ಅದನ್ನೇ ಕೇಳಲು ಅಕ್ಕನ ಮಂಚದ ಬಳಿ ಹೋದೆ. ಮಾಮಾ ಕಾಗದಕ್ಕೆ ಸಹಿ ಹಾಕಲು ಹೋಗಿದ್ದರು. ಅಕ್ಕ ನನ್ನ ಕಿವಿಯನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು.

"ಇನ್ನ ಹೇಳತೀನಿ. ನಾ ಯಾ ದೇವರಿಗೂ ಹರಕಿ ಹೊತ್ತಿಲ್ಲ. ನೀನ ಹೇಳಿದ್ದ್ಯಲ್ಲ, ಸಕ್ಕರಿ ಕೊಡಲಿಲ್ಲಂದ್ರ ಉಪವಾಸ ಸಾಯತಾವಂತ. ಐದ ವಾರ ಉಪವಾಸ ಕೆಡವೀನಿ ಅವನ್ನ. ನಿಮ್ಮ ಮಾಮಾ ಉಣ್ಣ ಉಣ್ಣ ಅಂತ ಜೀವಾ ತಿಂದಾರಂತ ಹರಕಿ ಅಂದೆ."

"ಆ ಪುಡಿ?"

"ಹಿಟ್ಟಿನ ಡಬ್ಬಿ ಹಿಂದ ಐತಿ. ಸಿಹಿ ಅಂದಿದ್ದ್ಯಲ್ಲ ನೀ."

ಅವಳ ದನಿಯಲ್ಲಿ ನೋವಿಗಿಂತ ಹೆಮ್ಮೆ ಹೆಚ್ಚಿತ್ತು. ಪರೀಕ್ಷೆಯಲ್ಲಿ ಪಾಸಾದವಳು ಮಾಸ್ತರರ ಕಡೆ ನೋಡುವ ಹಾಗೆ ನೋಡಿದಳು. ಅಷ್ಟರಲ್ಲಿ ಗಾಲಿಮಂಚ ತಳ್ಳಿಕೊಂಡು ಹೋದರು.

ಹೇಳಬೇಕಿದ್ದದ್ದು ಇಷ್ಟೇ. ಆ ಬಾಗಿಲು ಕೆಟ್ಟ ಜೀವಕೋಶಕ್ಕೆ ಮಾತ್ರ ಇರುವುದಿಲ್ಲ ಅಕ್ಕಾ, ನಿನ್ನ ರಕ್ತಕ್ಕೂ ಇರುತ್ತದೆ, ಮಿದುಳಿಗೂ ಇರುತ್ತದೆ. ಎಲ್ಲರೂ ಒಂದೇ ಗಡಿಗೆಯಿಂದ ಉಣ್ಣುತ್ತಾರೆ. ನೀನು ಉಣ್ಣದಿದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿ ಸಕ್ಕರೆ ಮಾಡುತ್ತದೆ, ಅದರಲ್ಲಿ ಮೊದಲ ತುತ್ತು ಹಸಿವು ಹೆಚ್ಚಿದ್ದವರಿಗೇ ಹೋಗುತ್ತದೆ. ಒಂದು ನಿಮಿಷದ ಮಾತು. ಆ ಬಸ್ಸು ಬಿಟ್ಟಿದ್ದರೆ ಅರ್ಧ ತಾಸಿಗೆ ಇನ್ನೊಂದು ಇತ್ತು.

ಆಪರೇಶನ್ ಆಯಿತು, ಅಕ್ಕ ಕಣ್ಣು ತೆರೆದಳು. ತೆಗೆದ ಕರುಳು ಕೆಳಗೆ ನಮ್ಮ ಲ್ಯಾಬಿಗೆ ಬಂತು. ಬೇರೆಯವರು ಮಾಡುತ್ತೇವೆ ಎಂದರೂ ನಾನು ಕೊಡಲಿಲ್ಲ. ನಾನೇ ಮೇಣದಲ್ಲಿಟ್ಟು ನಾನೇ ಕತ್ತರಿಸಿದೆ, ಆ ಪ್ರೋಟೀನಿನ ಬಣ್ಣವನ್ನೂ ನಾನೇ ಕಟ್ಟಿದೆ. ನಾಲ್ಕನೇ ದಿನ ಸ್ಲೈಡ್ ಸಿದ್ಧವಾಯಿತು. ಮೊದಲು ರಕ್ತಕಣಗಳನ್ನು ಹುಡುಕಿದೆ. ಇದ್ದವು ಕೆಲವೇ ಕೆಲವು. ಆಮೇಲೆ ಆ ಕೆಟ್ಟ ಜಾಗ. ಅಷ್ಟು ಕಡು ಕಂದು ಬಣ್ಣವನ್ನು ನಾನು ಯಾರ ಸ್ಲೈಡಿನಲ್ಲೂ ನೋಡಿರಲಿಲ್ಲ. ಅಕ್ಕ ಐದು ವಾರ ಉಪವಾಸವಿದ್ದಳು, ಅದು ಒಂದು ದಿನವೂ ಇರಲಿಲ್ಲ. ಮೇಜಿಗೆ ಹಣೆ ಹಚ್ಚಿ ಅತ್ತೆ. ಲ್ಯಾಬಿನವರು ಯಾರೂ ಹತ್ತಿರ ಬರಲಿಲ್ಲ, ಬಂದಿದ್ದರೆ ಅವರನ್ನೂ ಬೈಯುತ್ತಿದ್ದೆನೇನೋ.

ಮುಖ ತೊಳೆದುಕೊಂಡು ಮೇಲೆ ಹೋದೆ. ಮಾಮಾ ಆ ವರ್ಷದ ಮೊದಲ ಬೆಲ್ಲದ ಗಂಟು ತಂದು, "ಲ್ಯಾಬಿನವರಿಗೆ ಕೊಡು, ಆಕಿ ಇದ್ದಿದ್ರ ಕಳಸ್ತಿದ್ಲು," ಎಂದು ಬಾಗಿಲಲ್ಲೇ ನನ್ನ ಕೈಗಿಟ್ಟು ಚಹಾಕ್ಕೆ ಹೋದರು. ಇದ್ದಿದ್ದರೆ ಎಂದು ಯಾಕೆ ಅಂದರೋ. ಅಕ್ಕ ಇನ್ನೂ ಇದ್ದಳು. ಗಂಟಿನ ವಾಸನೆ ಹಿಡಿದು ನನ್ನ ಕಡೆ ಹೊರಳಿದಳು.

"ನೋಡಿದೇನು ಗಾಜಿನ್ಯಾಗ? ಸತ್ತಾವೇನು ಅವು?"

"ಸತ್ತಾವ ಅಕ್ಕಾ," ಎಂದೆ. "ಎಲ್ಲಾ ಸತ್ತಾವ."

ಕಣ್ಣು ಮುಚ್ಚಿ ನಕ್ಕಳು. "ಹಂಗಾರ ಮುಗೀತು ನನ್ನ ಹರಕಿ. ಒಂದ ಚೂರ ಬೆಲ್ಲ ಕೊಡು."

ಮಂಚದ ತಲೆಗೆ ಕಾಗದ ಅಂಟಿಸಿದ್ದರು, ಬಾಯಿಯಿಂದ ಏನೂ ಕೊಡಬಾರದು ಎಂದು. ಹೊಲಿಗೆ ಕೂಡಿರಲಿಲ್ಲ. ಹನಿ ನೀರನ್ನೂ ಕೊಡುವಂತಿರಲಿಲ್ಲ. ನಾಲಿಗೆಗೆ ಒಂದು ಕಣ ತಾಗಿಸಿದ್ದರೆ ಏನೂ ಆಗುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು. ಆದರೆ ನಾನು ನಿಯಮದ ಹೆಂಗಸು, ಅವಳಿಗೆ ಒಮ್ಮೆ ತಪ್ಪು ಹೇಳಿ ಹೆದರಿ ಹೋದವಳು.

"ನಾಳೆ ಕೊಡತೀನಿ ಅಕ್ಕಾ," ಎಂದೆ.

"ಹೂಂ," ಎಂದಳು. ಹೇಳಿದ ಮಾತು ಕೇಳುವುದು ಅವಳಿಗೆ ರೂಢಿಯಾಗಿತ್ತು. ಮರುದಿನ ಬೆಳಿಗ್ಗೆ ಒಳಗಿನ ಹೊಲಿಗೆ ಬಿಚ್ಚಿ ಕೀವು ರಕ್ತಕ್ಕೆ ಸೇರಿತು, ಮಧ್ಯಾಹ್ನ ಅಕ್ಕ ಹೋದಳು. ತೂಕ ಇದ್ದಿದ್ದರೆ ಉಳಿಯುತ್ತಿದ್ದಳೇ ಎಂದು ಸರ್ಜನ್‌ರನ್ನು ಕೇಳಿದೆ. ಹೇಳಲಾಗದು ಎಂದರು. ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿ ಹಾಗೆಂದರು.

ಮಾಮಾಗೆ ನಾನು ಏನೂ ಹೇಳಲಿಲ್ಲ. ಒಂದು ವರ್ಷ ಸದಲಗಾದ ಬಸ್ಸನ್ನೂ ಹತ್ತಲಿಲ್ಲ. ಕಬ್ಬು ಕಡಿಯುವ ದಿನ ಮತ್ತೆ ಬಂದಾಗ ಅವರೇ ಕಾಗವಾಡಕ್ಕೆ ಬಂದರು, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಸೊರಗಿದ್ದರು. ಚಹಾ ಕೊಟ್ಟೆ. ಕುಡಿಯದೆ ಕೂತರು.

"ಡಾಕ್ಟರಬಾಯಿ, ಒಂದ ಮಾತ ಕೇಳತೀನಿ. ಆಕಿ ಹೊತ್ತ ಹರಕಿ ಹಂಗ ಉಳದೈತಿ. ಹೋದವರ ಹರಕಿ ಮನಿಯವರು ತೀರಸಬೇಕು. ಹೊಳಿದಂಡಿ ದೇವರಿಗೆ ಹೋಗಿ ಬಂದೆ, ಗುಡ್ಡದ ದೇವರಿಗೆ ಹೋಗಿ ಬಂದೆ, ದರ್ಗಾದಾಗ ಸಕ್ಕರಿ ಮ್ಯಾಲ ಫಾತಿಹಾ ಓದಿಸಿ ಬಂದೆ. ಯಾ ದೇವರಂತ ನನಗ ಗೊತ್ತಿಲ್ಲ. ನಿನಗ ಏನರ ಹೇಳಿದ್ಲೇನು? ಈ ಬೆಲ್ಲಾ ಯಾರ ಮುಂದ ಇಡಲಿ?"

ಇನ್ನೂ ಎಷ್ಟು ಗುಡಿ ತಿರುಗುತ್ತಾರೆ ಈ ಮನುಷ್ಯ ಅನ್ನಿಸಿತು. ಹೇಳಿಬಿಟ್ಟೆ. ಬಸ್ ಸ್ಟ್ಯಾಂಡು, ಬಾಗಿಲಿನ ಪಾಠ, ಕರವಸ್ತ್ರ, ರೊಟ್ಟಿಯ ಫೋನು, ಹಿಟ್ಟಿನ ಡಬ್ಬಿಯ ಹಿಂದಿನ ಪುಡಿ, ನಾಳೆ ಕೊಡುತ್ತೇನೆ ಎಂದದ್ದು, ಒಂದನ್ನೂ ಬಿಡಲಿಲ್ಲ. ಬೈಯಲಿ, ಎದ್ದು ಹೋಗಲಿ ಎಂದು ಕಾದೆ.

ಚಹಾ ಆರಿ ಕೆನೆ ಕಟ್ಟಿತು. ಮಾಮಾ ಗಂಟು ಬಿಚ್ಚಿ, ಬೆಲ್ಲ ಮುರಿದು ಒಂದು ಚೂರನ್ನು ನನ್ನ ಅಂಗೈಯಲ್ಲಿ ಇಟ್ಟರು. ಅವರ ಮುಖದಲ್ಲಿ ಸಿಟ್ಟಿತ್ತೋ ಕರುಣೆಯಿತ್ತೋ, ನೋಡಿ ಹೇಳುವುದು ನನಗೆ ಆಗಲಿಲ್ಲ.

"ಹಂಗಾರ ಇದು ನಿನಗ ಸಲ್ಲಬೇಕಾದ್ದು," ಎಂದರು. "ತಿನ್ನು. ಆಕಿ ಹರಕಿ ತೀರಲಿ."

ಡಾಕ್ಟರಬಾಯಿ ಎನ್ನಲಿಲ್ಲ. ನಾನು ತಿನ್ನುವವರೆಗೂ ನೋಡುತ್ತ ಕೂತಿದ್ದರು. ನಾಳೆ ಕೊಡುತ್ತೇನೆ ಎಂದು ಅಕ್ಕನಿಗೆ ಹೇಳಿದ್ದ ಬೆಲ್ಲವನ್ನು ನಾನು ಬಾಯಿಗೆ ಹಾಕಿಕೊಂಡೆ.